ಮಳೆ ನೋಡಿ ಸಿನಿಮಾ ಹಾಕಿ: ಹೆಂಚಿನ ಮನೆಯಲ್ಲಿ ಭಯದ ಚಿತ್ರ ನೋಡುವ ನಮ್ಮ ಕ್ರಮ

ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯ ಜಗುಲಿಯಲ್ಲಿ ಪ್ರೊಜೆಕ್ಟರ್ ಇಟ್ಟು ನಾವು ಹೆಚ್ಚಾಗಿ ನೋಡುವುದು ಎರಡೇ ಬಗೆ: ಜೀವ ಉಳಿದರೆ ಸಾಕು ಎನ್ನುವಂಥ ಹಾರರ್, ಮತ್ತು ವಿಚಿತ್ರ ಜೀವಿಗಳ ಚಿತ್ರ. ಇವು ನಿಂತಿರುವುದು ಕತ್ತಲೆ ಮತ್ತು ಸದ್ದಿನ ಮೇಲೆ. ಅವೆರಡು ಕೆಟ್ಟರೆ ಎಂಥ ಒಳ್ಳೆಯ ಚಿತ್ರವೂ ರಬ್ಬರ್ ಗೊಂಬೆಯಾಟ. ಹಾಗಾಗಿ ಯಾವ ಚಿತ್ರ ಎಂದು ಯೋಚಿಸುವ ಮೊದಲು ಹೊರಗೆ ಮಳೆ ಹೇಗಿದೆ ಎಂದು ನೋಡುತ್ತೇವೆ.

ಪುನರ್ವಸು ಮಳೆ ಮಾಡಿನ ಮೇಲೆ ಹೊಡೆಯುತ್ತಿರುವಾಗ ‘ಎ ಕ್ವಯಟ್ ಪ್ಲೇಸ್’ (2018) ಹಾಕಲೇಬೇಡಿ. ಸದ್ದಾದರೆ ಜೀವಿ ಬಂದು ಎರಗುತ್ತದೆ ಎಂಬುದೇ ಅದರ ಕತೆ. ಮಾತೆಲ್ಲ ಬಹುಪಾಲು ಕೈಸನ್ನೆಯಲ್ಲಿ. ಮರಳಿನ ಮೇಲೆ ಬರಿಗಾಲು ಊರುವ ಸದ್ದು ನಮ್ಮ ಕಿವಿಗೆ ಬೀಳದಿದ್ದರೆ ಅಲ್ಲಿ ಉಳಿಯುವುದೇನೂ ಇಲ್ಲ. ಅದನ್ನು ಡಿಸೆಂಬರ್ ಚಳಿಗೆ ಎತ್ತಿಡಿ, ಅಡಿಕೆ ಸುಲಿಯುವವರೂ ಮಲಗಿದ ಮೇಲೆ ನೋಡಿ. ಜಡಿಮಳೆಗೆ ಹೇಳಿ ಮಾಡಿಸಿದ್ದು ‘ತುಂಬಾಡ್’ (2018). ಚಿತ್ರದೊಳಗೂ ಮಳೆ ನಿಲ್ಲುವುದಿಲ್ಲ. ಹೊರಗಿನ ಮಳೆ ಯಾವುದು, ಪರದೆಯದು ಯಾವುದು ಎಂದು ಸ್ವಲ್ಪ ಹೊತ್ತಿಗೆ ಗೊತ್ತಾಗದಂತೆ ಬೆರೆತುಹೋಗುತ್ತದೆ. ಹಿಟ್ಟಿನ ಗೊಂಬೆ ಹಿಡಿದು ನಿಧಿಗೆ ಇಳಿಯುವ ದುರಾಸೆಯನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪರದೆ. ಸುಣ್ಣದ ಗೋಡೆ ಬೇಸಿಗೆಗೆ ಸರಿ, ಮಳೆಗಾಲದಲ್ಲಿ ತೇವದ ಕಲೆ ಎದ್ದು ಜೀವಿಗಿಂತ ಮೊದಲು ಅದೇ ಕಾಣುತ್ತದೆ. ಬಿಳಿ ಪಂಚೆ ಕಟ್ಟಿದರೆ ಬೆಳಕು ಆಚೆ ಸೋರಿ, ಹಿಂದಿನ ಗೋಡೆಗೆ ಬಡಿದು ಮರಳಿ ಚಿತ್ರ ಮಸಕಾಗುತ್ತದೆ. ಪಂಚೆಯ ಹಿಂದೆ ಒಂದು ಕರಿಕಂಬಳಿ ಕಟ್ಟಿ, ಮೇಲೂ ಕೆಳಗೂ ಅಡಿಕೆ ದಬ್ಬೆ ಸೇರಿಸಿ ಬಿಗಿದರೆ ಗಾಳಿಗೆ ಆಡುವುದೂ ನಿಲ್ಲುತ್ತದೆ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಎಂದರೆ ಅಗಲ 221 ಸೆಂ.ಮೀ. ನಿಮ್ಮ ಪ್ರೊಜೆಕ್ಟರಿನ ಥ್ರೋ ರೇಶಿಯೋ (ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಲೆಕ್ಕ) 1.2 ಇದ್ದರೆ ಪರದೆಯಿಂದ 2.65 ಮೀಟರ್ ದೂರ ಇಡಬೇಕು. ಕೆಳಗಿಟ್ಟು ಮೂತಿ ಎತ್ತಿ, ಓರೆಯಾದ ಚಿತ್ರದ ಚೌಕವನ್ನು ಸೆಟ್ಟಿಂಗಿನಲ್ಲಿ ನೇರ ಮಾಡುವ ಕೀಸ್ಟೋನ್ ತಿದ್ದುವ ಬದಲು ಮಣೆ ಪೇರಿಸಿ ಸಮ ಮಾಡಿ. ಕೀಸ್ಟೋನ್ ತಿದ್ದಿದಷ್ಟೂ ಚಿತ್ರದ ಸ್ಪಷ್ಟತೆ ಹೋಗುತ್ತದೆ. ಸಿನಿಮಾಸ್ಕೋಪಿನಂಥ ಅಗಲ ಚಿತ್ರಗಳಿಗೆ ಮೇಲೆ ಕೆಳಗೆ ಸುಮಾರು 16 ಸೆಂ.ಮೀ. ಬೂದು ಪಟ್ಟಿ ಉಳಿಯುತ್ತದೆ. ಅದರ ಮೇಲೂ ಕಂಬಳಿ ಇಳಿಬಿಡಿ, ಕತ್ತಲೆ ಇನ್ನೊಂದು ಪಟ್ಟು ದಟ್ಟವಾಗುತ್ತದೆ. ಸಬ್‌ಟೈಟಲ್ ಕೆಳಗಿನ ಪಟ್ಟಿಯಲ್ಲಿ ಬರುವಂತಿದ್ದರೆ ಮಾತ್ರ ಅಲ್ಲಿ ಬೇಡ. ಸಬ್‌ಟೈಟಲಿನ ಅಚ್ಚ ಬಿಳಿಯೂ ಕತ್ತಲೆ ಕೆಡಿಸುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಬೂದು ಬಣ್ಣ ಕೊಟ್ಟು ಅಕ್ಷರ ಸಣ್ಣದು ಮಾಡಿ.

ಎಲ್ಲ ಸರಿಯಾಯಿತೇ ಎಂದು ಪರೀಕ್ಷಿಸಲು ನಾವು ಬಳಸುವುದು ‘ದಿ ಡಿಸೆಂಟ್’ (2005). ಗುಹೆಯೊಳಗೆ ಸಿಕ್ಕಿಕೊಂಡ ಆರು ಹೆಂಗಸರ ಕತೆ. ಬೆಳಕು ಹೆಚ್ಚಾಗಿ ಹೆಲ್ಮೆಟ್ ದೀಪದ್ದು, ಕೈಯಲ್ಲಿ ಹಿಡಿದು ಉರಿಸುವ ಫ್ಲೇರಿನದು. ಕಲ್ಲಿನ ಅಂಚು ಕಾಣಬೇಕು, ಅದರಾಚೆ ಏನೂ ಕಾಣಬಾರದು. ಆಚೆಯೂ ಬೂದು ಮಂಜು ಕಂಡರೆ ಬ್ರೈಟ್‌ನೆಸ್ ಇಳಿಸಿ, ಪ್ರೊಜೆಕ್ಟರನ್ನು ಲ್ಯಾಂಪಿನ ಬೆಳಕು ತಗ್ಗಿಸುವ ಇಕೋ ಮೋಡಿಗೆ ಹಾಕಿ. ಫ್ಯಾನಿನ ಸದ್ದೂ ತಗ್ಗುತ್ತದೆ. ಕಪ್ಪಿನಲ್ಲಿ ಚೌಕ ಚೌಕ ಮಚ್ಚೆ ಕುಣಿದರೆ ಅದು ಪ್ರೊಜೆಕ್ಟರಿನ ತಪ್ಪಲ್ಲ, ನೆಟ್ ಸಾಲದೆ ಕುಗ್ಗಿದ ವಿಡಿಯೊ. ನಮ್ಮ ಸಿಗ್ನಲ್ ನಂಬಿ ನೇರ ಹಾಕಬೇಡಿ, ಹಗಲೇ ಪೂರ್ತಿ ಗುಣಮಟ್ಟದಲ್ಲಿ ಇಳಿಸಿಕೊಳ್ಳಿ. ಟಿವಿಯಲ್ಲಿ ನೋಡುವವರು ಬಣ್ಣ ಗಾಢ ಮಾಡುವ ವಿವಿಡ್ ಮೋಡ್, ಚಲನೆಯನ್ನು ನಯ ಮಾಡುವ ಮೋಷನ್ ಸ್ಮೂದಿಂಗ್ ಎರಡನ್ನೂ ತೆಗೆಯಿರಿ. ಇಲ್ಲವಾದರೆ ಗುಹೆ ಧಾರಾವಾಹಿಯ ಸೆಟ್ ಥರ ಕಾಣುತ್ತದೆ.

ಕರೆಂಟು ಹೋಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್-ಅವರ್. ಅರ್ಧವಷ್ಟೇ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 720. ಪ್ರೊಜೆಕ್ಟರ್ 250 ವ್ಯಾಟ್, ಸ್ಪೀಕರ್ 50 ವ್ಯಾಟ್ ಎಂದು ಹಿಡಿದರೆ ಎರಡು ಗಂಟೆ 24 ನಿಮಿಷ. 124 ನಿಮಿಷದ ‘ಜಾಸ್’ ಮುಗಿಯುತ್ತದೆ. ಬ್ಯಾಟರಿ ಹಳತಾಗಿದ್ದರೆ 87 ನಿಮಿಷದ ‘ಕ್ರಾಲ್’ (2019) ಹಾಕಿ: ಚಂಡಮಾರುತ, ಮನೆಯೊಳಗೆ ನುಗ್ಗುವ ನೆರೆ, ನೆರೆಯ ಜೊತೆ ಅಲಿಗೇಟರ್. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ, ಸೈನ್ ವೇವ್ ಬೇಕು.

‘ಜಾಸ್’ (1975) ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಿರ್ದೇಶಕ ಸ್ಪೀಲ್‌ಬರ್ಗ್ ಮಾಡಿಸಿದ್ದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಪದೇ ಪದೇ ಕೆಟ್ಟುನಿಂತಿತು. ಹಾಗಾಗಿ ಶಾರ್ಕಿನ ಬದಲು ತೇಲುವ ಹಳದಿ ಪೀಪಾಯಿ, ನೀರಿನ ಮಟ್ಟದಲ್ಲಿ ಕ್ಯಾಮೆರಾ, ಸಂಗೀತಗಾರ ಜಾನ್ ವಿಲಿಯಮ್ಸ್ ಅವರ ಎರಡು ಸ್ವರ. ಶಾರ್ಕಿನ ತಲೆ ಸರಿಯಾಗಿ ಕಾಣುವುದು ಒಂದು ಗಂಟೆ ದಾಟಿದ ಮೇಲೆ. ‘ಏಲಿಯನ್’ (1979) ಕೂಡ ಜೀವಿಯನ್ನು ಬಚ್ಚಿಟ್ಟು ಹೆದರಿಸುವ ಇದೇ ದಾರಿಯದು. ಕಲಾವಿದ ಎಚ್.ಆರ್. ಗೀಗರ್ ರೂಪಿಸಿದ ಆ ಜೀವಿ ಪೂರ್ತಿಯಾಗಿ ನಿಂತು ತೋರುವುದು ಕ್ಷಣಗಳ ಲೆಕ್ಕದಲ್ಲಿ. ಇವೆರಡನ್ನು ನೋಡಿದ ಮೇಲೆಯೇ ಬಾಂಗ್ ಜೂನ್-ಹೋ ಅವರ ‘ದಿ ಹೋಸ್ಟ್’ (2006) ನೋಡಬೇಕು. ಆತ ಆ ಕ್ರಮವನ್ನೇ ಮುರಿದು, ಆರಂಭದಲ್ಲೇ ಹಾಡುಹಗಲು ನದಿ ದಂಡೆಯ ಮೇಲೆ ಜೀವಿಯನ್ನು ಓಡಿಸುತ್ತಾನೆ. ಮೊದಲೇ ಇದನ್ನು ನೋಡಿದರೆ ಆ ಧೈರ್ಯದ ಬೆಲೆ ತಿಳಿಯುವುದಿಲ್ಲ.

‘ದಿ ಥಿಂಗ್’ (1982) ನೋಡುವಾಗ ನಡುವೆ ಕಾಫಿಗೆ ಏಳಕೂಡದು. ಅಂಟಾರ್ಕ್ಟಿಕಾದ ಶಿಬಿರದಲ್ಲಿ ಯಾರು ಮನುಷ್ಯ, ಯಾರು ಅಲ್ಲ ಎಂಬುದೇ ಪ್ರಶ್ನೆ. ಐದು ನಿಮಿಷ ತಪ್ಪಿದರೂ ಯಾರು ಎಲ್ಲಿದ್ದರು ಎಂಬ ಎಳೆ ಹೋಗುತ್ತದೆ. ಮೊದಲ ನಾಯಿಯ ಮೇಲೆ ಕಣ್ಣಿಡಿ. ಮೇಕಪ್ ಕಲಾವಿದ ರಾಬ್ ಬಾಟಿನ್ ಕೈಯಿಂದ ಮಾಡಿದ ಜೀವಿಗಳು ಇವತ್ತಿಗೂ ಹೊಟ್ಟೆ ತೊಳಸುತ್ತವೆ, ಆದ್ದರಿಂದ ಊಟ ಮುಗಿಸಿ ಒಂದು ಗಂಟೆ ಬಿಟ್ಟು ಶುರುಮಾಡಿ. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಇದು ಬೇಡ, ‘ಟ್ರೆಮರ್ಸ್’ (1990) ಸಾಕು. ನೆಲದಡಿಯ ಜೀವಿ ಹೆಜ್ಜೆಯ ಕಂಪನ ಹಿಡಿದು ಬರುತ್ತದೆ. ಮಕ್ಕಳು ಕಾಲು ಮೇಲೆತ್ತಿಕೊಂಡೇ ನೋಡುತ್ತಾರೆ.

ಸದ್ದಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮಳೆಗೆ ಮಾತು ಕೇಳುವುದಿಲ್ಲವೆಂದು ವಾಲ್ಯೂಮ್ ಏರಿಸುತ್ತಾರೆ, ಜೀವಿ ಹಾರಿದಾಗ ಹೆಂಚು ಅದುರುತ್ತದೆ. ಮಳೆಯಿದ್ದರೆ ಸದ್ದಿನ ಸೆಟ್ಟಿಂಗಿನಲ್ಲಿ ನೈಟ್ ಮೋಡ್ ಹಾಕಿ, ಅದು ದೊಡ್ಡ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಮಳೆ ಬಿಟ್ಟ ರಾತ್ರಿ ಅದನ್ನು ತೆಗೆಯಲು ಮರೆಯಬೇಡಿ.

ಮೊದಲ ಮಳೆಯ ದಿನಗಳಲ್ಲಿ ಮಳೆಹುಳು ಬೆಳಕಿಗೆ ಬಂದು ಪ್ರೊಜೆಕ್ಟರಿನ ಗಾಳಿಕಿಂಡಿ ಮುಚ್ಚುತ್ತವೆ. ಅಂಗಳದಾಚೆ ಒಂದು ಬಲ್ಬ್ ಉರಿಸಿಟ್ಟರೆ ಬಹಳಷ್ಟು ಅಲ್ಲಿಗೇ ಹೋಗುತ್ತವೆ. ಚಿತ್ರ ಮುಗಿದ ಮೇಲೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಸ್ವಿಚ್ ತೆಗೆಯಬೇಡಿ, ಬಿಸಿಗೆ ಲ್ಯಾಂಪ್ ಹೋಗುತ್ತದೆ. ತಣಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಹೊರಗೇ ಬಿಟ್ಟರೆ ಆಷಾಢ ಕಳೆಯುವಷ್ಟರಲ್ಲಿ ಲೆನ್ಸಿಗೆ ಬೂಸ್ಟು ಹಿಡಿದಿರುತ್ತದೆ.