ನಾಬ್ ತಿರುಗಿಸಿದರೆ ಗಾಡಿ ಏರು ಹತ್ತುತ್ತಾ?

ಟಾರು ರಸ್ತೆಯಿಂದ ನಮ್ಮ ತೋಟದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ. ಬೇಸಿಗೆಯಲ್ಲಿ ಸಣ್ಣ ಕಾರೂ ಆರಾಮಾಗಿ ಬರುತ್ತದೆ. ಆರಿದ್ರಾ ಮಳೆ ಹಿಡಿದುಕೊಂಡಿತೋ, ಮುಗೀತು. ನೆಂಟರು ಕಾರನ್ನು ಗೇಟಿನ ಹತ್ತಿರವೇ ಬಿಟ್ಟು, ಉಂಬಳ ಕಿತ್ತುಕೊಳ್ಳುತ್ತಾ ನಡೆದು ಬರುತ್ತಾರೆ. ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮಳೆಗಾಲಕ್ಕೆ ನಮಗೆ ಹಳೇ ಜೀಪೇ ಗತಿಯಾಗಿತ್ತು. ಮೂರು ವರ್ಷದ ಹಿಂದೆ ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಹೋಗುವ ಕಾರು ತಂದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಸುಮ್ನೆ ಜಗಳ. ಗೇರಿನ ಪಕ್ಕದಲ್ಲಿ ಒಂದು ದುಂಡನೆ ನಾಬ್. ಆಟೋ, ಸ್ಪೋರ್ಟ್, ಸ್ನೋ, ಲಾಕ್ ಅಂತ ನಾಲ್ಕು ಮೋಡ್. ಜೀಪು ಡ್ರೈವರ್ ಬಗ್ಗಿ ನೋಡಿದ. "ಗೌಡ್ರೇ, ಇದ್ರಲ್ಲಿ ಕೆಸರು ಅಂತ ಒಂದಿಲ್ವಾ?" ಅಂದ.

ಆಗ ನಕ್ಕಿದ್ದೆ. ಆ ವರ್ಷವೇ ಪುನರ್ವಸು ಮಳೆಯಲ್ಲಿ ಅವನ ಮಾತು ನೆನಪಾಯಿತು. ಕೆರೆ ಏರಿಯ ಕೆಳಗೆ ದಾರಿ ತಗ್ಗಾಗಿದೆ. ಟ್ರ್ಯಾಕ್ಟರ್ ಓಡಾಡಿ ಮೊಣಕಾಲುದ್ದ ರೊಜ್ಜು ಆಗಿತ್ತು. ಜಾರುವ ಜಾಗಕ್ಕೆ ಸ್ನೋ ಅಂತ ಓದಿದ್ದೆ, ಸ್ನೋಗೆ ಹಾಕಿದೆ. ಎರಡನೇ ಗೇರಿನಲ್ಲಿ ಒಳಗೆ ಇಳಿದೆ. ನಡುಮಧ್ಯ ಬರುವಷ್ಟರಲ್ಲಿ ಚಕ್ರ ಸ್ವಲ್ಪ ಸುತ್ತಿತು ನೋಡಿ, ಎಂಜಿನ್ ಉಸಿರು ಕಟ್ಟಿದ ಹಾಗೆ ಆಯಿತು. ನಾನು ಆಕ್ಸಿಲರೇಟರ್ ಒತ್ತುತ್ತಿದ್ದೇನೆ, ಗಾಡಿಯಲ್ಲಿ ಪವರೇ ಇಲ್ಲ. ಅಲ್ಲೇ ಕೂತಿತು. ಜೀಪು ಬಂದು ಹಗ್ಗ ಕಟ್ಟಿ ಎಳೆಯಿತು. ಎಳೆದವನ ಮುಖ ಮಾತ್ರ ನೋಡಬೇಕಿತ್ತು.

ತಪ್ಪು ಕಾರಿನದಲ್ಲ. ಸ್ನೋ ಮೋಡ್ ಇರುವುದೇ ಚಕ್ರ ಸುತ್ತದ ಹಾಗೆ ನೋಡಿಕೊಳ್ಳೋಕೆ. ಆಕ್ಸಿಲರೇಟರನ್ನು ಮೆತ್ತಗೆ ಮಾಡುತ್ತದೆ, ಚಕ್ರ ಜಾರಿದ ಕೂಡಲೇ ಎಂಜಿನ್ ಎಳೆತ ಕಮ್ಮಿ ಮಾಡುತ್ತದೆ. ಗಟ್ಟಿ ನೆಲದ ಮೇಲೆ ತೆಳ್ಳಗೆ ಜಾರಿಕೆ ಇದ್ದರೆ ಅದು ಸರಿ. ಒದ್ದೆ ಎಲೆ, ಪಾಚಿ ಹಿಡಿದ ಕಲ್ಲುಹಾಸು, ಮಳೆ ಬಿದ್ದ ಕೆಮ್ಮಣ್ಣು, ಇವಕ್ಕೆಲ್ಲ ಚೆನ್ನಾಗಿದೆ. ಆಳದ ಕೆಸರಿಗೆ ಬೇಕಾಗಿರುವುದು ಇದರ ಉಲ್ಟಾ. ಅಲ್ಲಿ ಚಕ್ರ ಸುತ್ತಬೇಕು, ಟೈರಿನ ಹಲ್ಲಿಗೆ ಮೆತ್ತಿದ ಮಣ್ಣು ಕೊಡವಿಕೊಳ್ಳಬೇಕು, ಓಟ ನಿಲ್ಲಬಾರದು. ಮರಳಿಗೂ ಅಷ್ಟೇ. ಅದಕ್ಕೇ ಜೀಪ್ ಕಂಪಾಸ್‌ನಂಥ ಗಾಡಿಗಳಲ್ಲಿ ಸ್ನೋ, ಸ್ಯಾಂಡ್, ಮಡ್ ಅಂತ ಬೇರೆ ಬೇರೆ ಕೊಟ್ಟಿರುವುದು. ಈಗ ರೊಜ್ಜಿನ ಜಾಗ ಬಂದರೆ ನಾನು ಲಾಕ್‌ಗೆ ಹಾಕಿ, ಟ್ರಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ಸುತ್ತಿದರೆ ಎಂಜಿನ್ ತಗ್ಗಿಸಿ, ಬ್ರೇಕ್ ಹಾಕಿ ತಡೆಯುವ ವ್ಯವಸ್ಥೆ) ಸ್ವಿಚ್ ಒತ್ತಿ ಆಫ್ ಮಾಡಿ, ಒಂದೇ ವೇಗದಲ್ಲಿ ದಾಟುತ್ತೇನೆ. ದಾಟಿದ ಮೇಲೆ ಮರೆಯದೆ ಆನ್ ಮಾಡಬೇಕು.

ಈ ನಾಬ್ ನಿಜವಾಗಿ ಏನು ಮಾಡುತ್ತದೆ ಅಂತ ತಲೆ ಕೆಡಿಸಿಕೊಂಡಿದ್ದು ಆ ಹಗ್ಗದ ಅವಮಾನದ ಮೇಲೆಯೇ. ಇಂಥ ಕಾರುಗಳಲ್ಲಿ ಸಾಮಾನ್ಯ ಓಡಾಟಕ್ಕೆ ಎಳೆತ ಬಹುಪಾಲು ಮುಂದಿನ ಚಕ್ರದ್ದೇ. ಹಿಂದಕ್ಕೆ ಹೋಗುವ ದಾರಿಯಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ತಟ್ಟೆಗಳ ಒಂದು ಕಟ್ಟು ಇರುತ್ತದೆ. ಅದನ್ನು ಎಷ್ಟು ಬಿಗಿ ಹಿಡಿಯಬೇಕು ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಆಟೋದಲ್ಲಿದ್ದರೆ ಹೆಚ್ಚಾಗಿ ಮುಂದಿನ ಚಕ್ರ ಜಾರಿದ ಮೇಲೆ ಹಿಂದಿನದಕ್ಕೆ ಪೂರ್ತಿ ಕರೆ ಹೋಗುತ್ತದೆ. ಲಾಕ್‌ನಲ್ಲಿ ಮೊದಲೇ ಬಿಗಿ ಹಿಡಿದಿರುತ್ತದೆ, ಜಾರುವ ತನಕ ಕಾಯುವುದಿಲ್ಲ. ಮೋಡ್ ಬದಲಾಯಿಸಿದರೆ ಎಂಜಿನ್‌ಗೆ ಹೊಸ ಶಕ್ತಿ ಏನೂ ಬರುವುದಿಲ್ಲ. ಇರುವ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಬೇರೆ ಲೆಕ್ಕದಲ್ಲಿ ಕೆಲಸ ಮಾಡುತ್ತವೆ, ಅಷ್ಟೇ.

ಲಾಕ್ ಅನ್ನುವ ಹೆಸರೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಮುಂದಕ್ಕೂ ಹಿಂದಕ್ಕೂ ಇರುವ ಕೊಂಡಿ ಬಿಗಿಯಾಗುತ್ತದೆ ನಿಜ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವಿನ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು, ಮಾತ್ರ ಹಾಗೇ ತೆರೆದೇ ಇರುತ್ತದೆ.

ಇದು ಅರ್ಥವಾಗಿದ್ದು ಒಂದು ತೊಟ್ಟಿಲು ಗುಂಡಿಯ ಪಕ್ಕ. ಕಾಫಿ ಸಾಲಿನ ನಡುವೆ ನೀರು ಇಂಗಲಿ ಅಂತ ತೋಡುತ್ತೇವಲ್ಲ, ಅದೇ. ಕಣದ ಹತ್ತಿರ ಗಾಡಿ ತಿರುಗಿಸೋಕೆ ಹೋಗಿ ಹಿಂದಿನ ಎಡ ಚಕ್ರ ಗುಂಡಿಯ ಮೇಲೆ ತೂಗಾಡಿತು. ಮುಂದಿನ ಬಲ ಚಕ್ರ ದಿಣ್ಣೆಯ ಆಚೆ, ಅದೂ ನೆಲಕ್ಕೆ ಸರಿಯಾಗಿ ತಾಗುತ್ತಿಲ್ಲ. ಮೂಲೆಗೆ ಮೂಲೆ ಎರಡು ಚಕ್ರ ಗಾಳಿಯಲ್ಲಿ. ಆಕ್ಸಿಲರೇಟರ್ ಕೊಟ್ಟರೆ ಆ ಎರಡೇ ಚಕ್ರ ಸುತ್ತುತ್ತವೆ, ನೆಲ ಕಚ್ಚಿದ ಎರಡು ಸುಮ್ಮನೆ ಕೂತಿವೆ. ನಾನು ಗಾಬರಿಯಿಂದ ಕಾಲು ತೆಗೆದೆ. ಮತ್ತೆ ಒತ್ತಿದೆ, ಮತ್ತೆ ತೆಗೆದೆ. ಜೀಪಿನಲ್ಲಿ ಕಲಿತ ಅಭ್ಯಾಸ ಅದು, ಹಿಂದೆ ಮುಂದೆ ತೂಗಿ ಎಬ್ಬಿಸುವುದು. ಏನೂ ಆಗಲಿಲ್ಲ.

ಆಮೇಲೆ ಒಂದು ಸಲ, ಬೇಜಾರಿನಿಂದಲೇ ಅನ್ನಿ, ಲಾಕ್‌ಗೆ ಹಾಕಿ ಕಾಲು ತೆಗೆಯದೆ ಒಂದೇ ಸಮ ಹಿಡಿದೆ. ಕಾಲಡಿ ಟಕ ಟಕ ಟಕ ಅಂತ ಸದ್ದು. ಏನೋ ಮುರಿಯಿತು ಅಂದುಕೊಂಡೆ. ಎರಡು ಮೂರು ಸೆಕೆಂಡ್ ಆಗಿರಬೇಕು, ಗಾಡಿ ಮೆಲ್ಲಗೆ ಮುಂದೆ ತೆವಳಿತು. ಸುತ್ತುವ ಚಕ್ರಕ್ಕೆ ಕಂಪ್ಯೂಟರ್ ತಾನೇ ಬ್ರೇಕ್ ಹಾಕುತ್ತಿತ್ತು, ಆ ಸದ್ದು ಅದರದ್ದು. ಅದಕ್ಕೆ ತಡೆ ಬಿದ್ದಾಗ ಎಳೆತ ಆಚೆ ಬದಿಯ ಚಕ್ರಕ್ಕೆ ಹೋಗುತ್ತದೆ. ನಾನು ಕಾಲು ತೆಗೆದಾಗಲೆಲ್ಲ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಇದನ್ನು ಮಾರುವವರು ಯಾರೂ ಹೇಳಿಕೊಡಲಿಲ್ಲ. ಇಲ್ಲಿ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿದ್ದರೆ ಕೆಲಸ ಕೆಟ್ಟೇ ಹೋಗುತ್ತಿತ್ತು, ಅದೂ ನೆನಪಿರಲಿ. ರೊಜ್ಜಿಗೆ ಆಫ್, ಚಕ್ರ ಗಾಳಿಯಲ್ಲಿದ್ದರೆ ಆನ್.

ಆ ಪುಷ್ಯ ಮಳೆಯಲ್ಲಿ ಒಂದು ಭಾನುವಾರ ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ತೋಟದ ಕೆಲಸದವರು ಇರುವ ಲೈನ್ ಮನೆಯ ಹಿಂದೆ ಒಂದು ಏರು ಇದೆ, ಅಂಟು ಕೆಮ್ಮಣ್ಣು, ಪಕ್ಕದಲ್ಲಿ ಸಾಲಾಗಿ ಸಿಲ್ವರ್ ಓಕ್. ಅಳತೆಗೆ ಮರಗಳೇ ಸಾಕು. ಕೆಳಗೆ ನಿಂತಲ್ಲಿಂದ ಮೊದಲನೇ ಗೇರಿನಲ್ಲಿ ಹೊರಟು ಎಲ್ಲಿ ನಿಲ್ಲುತ್ತದೆ ನೋಡುವುದು. ಕಂಪನಿ ಕೊಟ್ಟ ರಸ್ತೆ ಟೈರು, 33 ಪಿಎಸ್‌ಐ ಗಾಳಿ. ಆಟೋದಲ್ಲಿ ಎರಡನೇ ಮರ. ಸ್ನೋದಲ್ಲಿ ಮೂರನೆಯದು. ಲಾಕ್‌ನಲ್ಲಿ ನಾಲ್ಕು ದಾಟಿತು. ಆಮೇಲೆ ಗಾಳಿ 22ಕ್ಕೆ ಇಳಿಸಿ, ನಾಬನ್ನು ವಾಪಸ್ ಆಟೋಗೆ ತಂದೆ. ಐದನೇ ಮರ! 22ರಲ್ಲಿ ಲಾಕ್ ಹಾಕಿದಾಗ ಆರನೆಯದರ ಬುಡ. ತುದಿ ಮುಟ್ಟಲಿಲ್ಲ. ಪ್ರತಿ ಸಲ ಹತ್ತಿದಾಗಲೂ ನೆಲ ಕೆದರುತ್ತದೆ, ಹಾಗಾಗಿ ಇದು ಪಕ್ಕಾ ಲೆಕ್ಕ ಅಲ್ಲ. ಆದರೂ ನನಗೆ ಉತ್ತರ ಸಿಕ್ಕಿತ್ತು, ನಾಬ್‌ಗಿಂತ ಟೈರೇ ದೊಡ್ಡದು. ಮುಂದಿನ ವರ್ಷ ಮಳೆಗೆ ಮೊದಲು ದಪ್ಪ ಹಲ್ಲಿನ ಆಲ್ ಟೆರೇನ್ ಟೈರ್ ಹಾಕಿಸಿದೆ. ಅದೇ ಏರನ್ನು ಗಾಡಿ ಆಟೋದಲ್ಲೇ ಹತ್ತಿತು. ಟಾರು ರಸ್ತೆಯಲ್ಲಿ ಗುಂಯ್ ಅನ್ನುವ ಸದ್ದು ಜಾಸ್ತಿಯಾಗಿದೆ, ಮೈಲೇಜ್ ಕಮ್ಮಿಯಾಗಿದೆ. ಆಗಲಿ ಬಿಡಿ.

ಹಾಗಂತ ಎಲೆಕ್ಟ್ರಾನಿಕ್ಸ್ ಎಲ್ಲ ದಂಡ ಅನ್ನುವವರ ಜೊತೆಗೂ ನಾನಿಲ್ಲ. ಇಳಿಜಾರಿಗೆ ಬಂದಾಗ ಹಿಲ್ ಡಿಸೆಂಟ್ ಕಂಟ್ರೋಲ್‌ಗೆ ಕೈ ಮುಗಿಯಬೇಕು. ಬ್ರೇಕ್ ಪೆಡಲ್ ಒಂದೇ, ಒತ್ತಿದರೆ ನಾಲ್ಕೂ ಚಕ್ರಕ್ಕೆ. ಈ ಸ್ವಿಚ್ ಹಾಕಿದರೆ ಕಂಪ್ಯೂಟರ್ ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ಹಿಡಿದು ಬಿಟ್ಟು ಮಾಡುತ್ತದೆ, ನನ್ನ ಕಾಲಿಂದ ಜನ್ಮದಲ್ಲಿ ಆಗದ ಕೆಲಸ. ಗಾಡಿ ನಡಿಗೆಯ ವೇಗದಲ್ಲಿ ನೇರ ಇಳಿಯುತ್ತದೆ. ನನ್ನ ಹೆಂಡತಿ ಮೊದಲು ಮಳೆಗಾಲದಲ್ಲಿ ಆ ಇಳಿಜಾರಿಗೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಈಗ ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡೋಕೆ ಅವಳೇ ಹೋಗುತ್ತಾಳೆ. "ಕಾಲು ಎರಡನ್ನೂ ನೆಲಕ್ಕೆ ಇಟ್ಟು ಕೂರೋದು ಕಷ್ಟ ಕಣ್ರೀ, ಮಿಕ್ಕಿದ್ದು ಸುಲಭ" ಅನ್ನುತ್ತಾಳೆ.

ಯಾವ ಮೋಡ್‌ಗೂ ಆಗದ ಕೆಲಸ ಒಂದಿದೆ. ನಮ್ಮ ಜೀಪಿಗೆ, ಅಥವಾ ಈಗಿನ ಫೋರ್ ವೀಲ್ ಡ್ರೈವ್ ಥಾರ್‌ಗೆ, ಲೋ ರೇಂಜ್ ಗೇರ್ ಇದೆ. ಕಡಿದಾದ ಏರಿನಲ್ಲಿ ಆಮೆಯ ಹಾಗೆ ಹತ್ತಬಹುದು, ಕ್ಲಚ್ ಮೇಲೆ ಕಾಲಿಡದೆ. ನನ್ನ ಕಾರಿನಲ್ಲಿ ಅದಿಲ್ಲ. ನಿಧಾನ ಮಾಡಬೇಕಾದರೆ ಅರ್ಧ ಕ್ಲಚ್ಚೇ ಗತಿ. ಆ ಭಾನುವಾರದ ಪರೀಕ್ಷೆ ಮುಗಿಯುವಾಗ ಗಾಡಿ ತುಂಬ ಸುಟ್ಟ ವಾಸನೆ, ಬಾನೆಟ್ ತೆಗೆದು ಅರ್ಧ ಗಂಟೆ ನಿಲ್ಲಿಸಿದೆ. ಹಿಂದಿನ ಚಕ್ರಕ್ಕೆ ಎಳೆತ ಕೊಡುವ ಆ ತಟ್ಟೆಗಳ ಕಟ್ಟೂ ತುಂಬ ಹೊತ್ತು ಜಾರಿದರೆ ಬಿಸಿಯಾಗಿ ಕೈ ಬಿಡುತ್ತದೆ, ತಣ್ಣಗಾಗುವ ತನಕ ಮುಂದಿನ ಚಕ್ರವೇ ದಿಕ್ಕು.

ಕೊಳ್ಳುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಮೋಡ್ ಇದೆ ಅಂದ ಮಾತ್ರಕ್ಕೆ ನಾಲ್ಕೂ ಚಕ್ರಕ್ಕೆ ಎಳೆತ ಇದೆ ಅಂತಲ್ಲ. 2004ರಲ್ಲಿ ಲ್ಯಾಂಡ್ ರೋವರ್ ತನ್ನ ಡಿಸ್ಕವರಿ 3ರಲ್ಲಿ ಟೆರೇನ್ ರೆಸ್ಪಾನ್ಸ್ ನಾಬ್ ತಂದಾಗ ಅದರ ಕೆಳಗೆ ಲೋ ರೇಂಜ್ ಸಮೇತ ಪೂರ್ತಿ ಫೋರ್ ವೀಲ್ ಡ್ರೈವ್ ಇತ್ತು. 2019ರಲ್ಲಿ ಬಂದ ಟಾಟಾದ ಡೀಸೆಲ್ ಹ್ಯಾರಿಯರ್‌ನಲ್ಲಿ ನಾರ್ಮಲ್, ರಫ್, ವೆಟ್ ಅಂತ ಮೋಡ್ ಇವೆ, ಗಾಡಿ ಎಳೆಯುವುದು ಮುಂದಿನ ಎರಡೇ ಚಕ್ರ. ಒಳ್ಳೇ ಗಾಡಿಯೇ, ಮಳೆಯ ಟಾರು ರಸ್ತೆಗೆ ಆ ಮೋಡ್ ಉಪಯೋಗವೂ ಇದೆ. ನಮ್ಮ ಲೈನ್ ಮನೆ ಏರಿಗೆ ಮಾತ್ರ ತರಬೇಡಿ.

ಈಗ ನನ್ನ ಕ್ರಮ ಇಷ್ಟು. ಗೇಟು ದಾಟುವ ಮೊದಲೇ ಲಾಕ್, ಹೂತ ಮೇಲೆ ತಿರುಗಿಸಿ ಪ್ರಯೋಜನ ಕಮ್ಮಿ. ತುಂಬ ಮಳೆಯಾಗಿದ್ದರೆ ಗಾಳಿ ಇಳಿಸುತ್ತೇನೆ. ವಾಪಸ್ ಟಾರು ರಸ್ತೆಗೆ ಬಂದಾಗ ಡಿಕ್ಕಿಯಲ್ಲಿರುವ ಸಣ್ಣ ಪಂಪ್ ಹಾಕಿ 33ಕ್ಕೆ ತುಂಬಿಸುತ್ತೇನೆ. ಛತ್ರಿ ಹಿಡಿದು ನಾಲ್ಕು ಟೈರಿಗೆ ಗಾಳಿ ತುಂಬುವಷ್ಟರಲ್ಲಿ ಉಂಬಳ ಎರಡಾದರೂ ಹತ್ತಿರುತ್ತದೆ.