ಕೊಟೇಶನ್ ಚೀಟಿಗೆ ಪೆನ್ನು ಹಿಡಿದು ಕಾರು ಕೊಂಡದ್ದು

ಕಾರಿನ ಬೆಲೆ ಈ ಪಾಟಿ ಏರಿದ ಮೇಲೆ ನಮ್ಮಂಥವರು ಹೊಸ ಗಾಡಿ ಹೇಗೆ ಕೊಳ್ಳೋದು ಅಂತ ಕೇಳಿದವರಿಗೆಲ್ಲ ನಾನು ಹೇಳೋದು ಒಂದೇ. ಎಕ್ಸ್‌ಶೋರೂಂ ಬೆಲೆ, ಅಂದ್ರೆ ಜಿಎಸ್‌ಟಿ ಸೇರಿದ ಬರೀ ಗಾಡಿಯ ಬೆಲೆ, ನಮ್ಮ ಕೈಲಿಲ್ಲ, ಅದನ್ನು ಬಿಡಿ. ಶೋರೂಂನವರು ಕೊಡುವ ಕೊಟೇಶನ್ ಚೀಟಿಯಲ್ಲಿ ಅದಕ್ಕೂ, ಟ್ಯಾಕ್ಸು ಇನ್ಶೂರೆನ್ಸು ಎಲ್ಲ ಸೇರಿದ ಆನ್‌ರೋಡ್ ಬೆಲೆಗೂ ನಡುವೆ ಎಷ್ಟು ಸಾಲು ಬರೆದಿದ್ದಾರೆ ನೋಡಿ. ನಾವು ಉಳಿಸಬಹುದಾದ ದುಡ್ಡೆಲ್ಲ ಅಲ್ಲೇ ಕೂತಿರುತ್ತೆ.

ನಾನು ಹಾಸನದಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಾರಕ್ಕೆ ಮೂರ್ನಾಲ್ಕು ದಿನ ಆಲೂರು ಕಡೆ ಓಡಾಟ ಇರುತ್ತೆ. 2013ರಲ್ಲಿ ತಗೊಂಡ ಆಲ್ಟೋ 800 ಇತ್ತು, ಆನ್‌ರೋಡ್ ಮೂರೂವರೆ ಲಕ್ಷದೊಳಗೆ ಬಂದಿತ್ತು. ಕಳೆದ ವರ್ಷ ಅದನ್ನು ಕೊಟ್ಟು ಹೊಸದು ತಗೊಳ್ಳೋಣ ಅಂತ ಹೊರಟರೆ ಬಜೆಟ್ ಸೀದಾ ಡಬಲ್. ಆಲ್ಟೋ 800 ಅಂತೂ 2023ರಲ್ಲೇ ನಿಂತುಹೋಗಿದೆ.

ಬೆಲೆ ಸುಮ್ನೆ ಏರಿಲ್ಲ ಅನ್ನೋದನ್ನೂ ಒಪ್ಪಬೇಕು. 2019ರಿಂದ ಎಲ್ಲ ಕಾರಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದ ವ್ಯವಸ್ಥೆ) ಬೇಕು, ಆಮೇಲೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ ಆಯ್ತು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂತು, 2023ರಲ್ಲಿ ಅದರ ಎರಡನೇ ಹಂತ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) ಒಟ್ಟಿಗೇ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದರಿಂದ 2018ರ ಸೆಪ್ಟೆಂಬರ್‌ನಿಂದ ಅದೂ ಸೇರಿತು. ಇವುಗಳಲ್ಲಿ ಯಾವುದನ್ನೂ ನಾನು ಬೇಡ ಅನ್ನಲ್ಲ. ನನ್ನ ಹಳೇ ಆಲ್ಟೋದಲ್ಲಿ ಒಂದು ಏರ್‌ಬ್ಯಾಗೂ ಇರಲಿಲ್ಲ, ಅದರಲ್ಲೇ ಮಕ್ಕಳನ್ನು ಕೂರಿಸಿಕೊಂಡು ಸಕಲೇಶಪುರಕ್ಕೆ ಹೋಗಿ ಬಂದಿದ್ದೀವಿ. ಆದರೆ ಇವೆಲ್ಲ ಸಣ್ಣ ಕಾರಿಗೆ ಬಿದ್ದಷ್ಟು ಹೊರೆಯಾಗಿ ದೊಡ್ಡ ಕಾರಿಗೆ ಬೀಳಲಿಲ್ಲ. ಮೂರು ಲಕ್ಷದ ಗಾಡಿಗೆ ಐವತ್ತು ಸಾವಿರ ಸೇರಿಸೋದೂ ಹದಿನೈದು ಲಕ್ಷದ್ದಕ್ಕೆ ಸೇರಿಸೋದೂ ಒಂದೇನಾ?

2025ರಲ್ಲಿ ಒಂದು ಒಳ್ಳೇದಾಯ್ತು. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಇಳಿಯಿತು. ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಮೊದಲು ಶೇ 28 ಜಿಎಸ್‌ಟಿ, ಮೇಲೆ ಶೇ 1 ಸೆಸ್ ಇತ್ತು. ಅದು ಶೇ 18ಕ್ಕೆ ಬಂತು. 29ರಿಂದ 18 ಅಂದ್ರೆ ಬೆಲೆ ಶೇ 11 ಇಳಿಯುತ್ತೆ ಅಂತ ಆಫೀಸಲ್ಲಿ ಎಷ್ಟೋ ಜನ ಅಂದುಕೊಂಡಿದ್ದರು, ಹಾಗಲ್ಲ. ತೆರಿಗೆ ಇರೋದು ಮೂಲ ಬೆಲೆಯ ಮೇಲೆ, ಹಾಗಾಗಿ ಶೋರೂಂ ಬೆಲೆಯಲ್ಲಿ ಇಳಿಯೋದು ಸುಮಾರು ಎಂಟೂವರೆ ಪರ್ಸೆಂಟ್. 7 ಲಕ್ಷದ ಕಾರು ಹತ್ತಿರ ಹತ್ತಿರ 6.40 ಲಕ್ಷಕ್ಕೆ ಬರುತ್ತೆ. ಅದೂ ಕಮ್ಮಿ ಅಲ್ಲ.

ಆ 22ನೇ ತಾರೀಕು ನವರಾತ್ರಿಯ ಮೊದಲ ದಿನ. ಅದಕ್ಕೆ ಮುಂಚೆ ಪಿತೃಪಕ್ಷ, ಯಾರೂ ಗಾಡಿ ಎತ್ತಲ್ಲ. ಎರಡೂ ಸೇರಿ ಬಿ.ಎಂ. ರೋಡಿನ ಶೋರೂಂಗಳಲ್ಲಿ ಜಾತ್ರೆ. ಆಯುಧ ಪೂಜೆಗೆ ಡೆಲಿವರಿ ಬೇಕು ಅಂತ ಜನ ಬಣ್ಣ ಕೂಡ ಕೇಳದೆ ಬುಕ್ ಮಾಡುತ್ತಿದ್ದರು. ಸೇಲ್ಸ್ ಹುಡುಗರಿಗೆ ನಮ್ಮ ಜೊತೆ ಮಾತಾಡೋಕೂ ಪುರುಸೊತ್ತಿಲ್ಲ, ಡಿಸ್ಕೌಂಟ್ ಮಾತು ಎಲ್ಲಿಂದ ಬರಬೇಕು? ನಾನು ಟೆಸ್ಟ್ ಡ್ರೈವ್ ಮುಗಿಸಿ, ಕೊಟೇಶನ್ ಮಾತ್ರ ಇಸ್ಕೊಂಡು ಬಂದೆ. ಕೊಳ್ಳೋದು ಡಿಸೆಂಬರ್‌ಗೆ ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಈಗ ಆ ಕೊಟೇಶನ್ ಚೀಟಿಗೆ ಬರ್ತೀನಿ.

ಎಕ್ಸ್‌ಶೋರೂಂ ಆದ ಮೇಲೆ ದೊಡ್ಡ ಸಾಲು ರೋಡ್ ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ಟ್ಯಾಕ್ಸ್ ಮೇಲೆ ಮತ್ತೆ ಶೇ 11 ಸೆಸ್. ಲೆಕ್ಕ ಹಾಕಿದರೆ 6.40 ಲಕ್ಷದ ಕಾರಿಗೆ ಹೆಚ್ಚೂ ಕಮ್ಮಿ 1 ಲಕ್ಷ ಆಗುತ್ತೆ. ಇದನ್ನು ಹಾಕೋದು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ, ಅಂದ್ರೆ ತೆರಿಗೆಗೂ ತೆರಿಗೆ. ಬೈಯಬಹುದು, ಚೌಕಾಸಿ ಮಾಡೋಕಾಗಲ್ಲ. ಆದರೆ ಇಲ್ಲಿ ಒಂದು ಕಡೆ ಹುಷಾರಾಗಿರಬೇಕು. ಸ್ಲ್ಯಾಬ್ ದಾಟಿದರೆ ಹೊಸ ದರ ಬೀಳೋದು ದಾಟಿದ ಮೊತ್ತಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. ಇನ್‌ಕಂ ಟ್ಯಾಕ್ಸ್ ಥರ ಅಲ್ಲ ಇದು. 9.95 ಲಕ್ಷದ ಕಾರಿಗೆ ಟ್ಯಾಕ್ಸ್, ಸೆಸ್ ಸೇರಿ ಸುಮಾರು 1.55 ಲಕ್ಷ. 10.05 ಲಕ್ಷದ್ದಕ್ಕೆ ಸುಮಾರು 1.90 ಲಕ್ಷ. ಹತ್ತು ಸಾವಿರ ಜಾಸ್ತಿ ಬೆಲೆಯ ವೇರಿಯಂಟ್‌ಗೆ ಹೋದರೆ ಟ್ಯಾಕ್ಸ್ ಒಂದೇ ಮೂವತ್ತೈದು ಸಾವಿರ ಜಾಸ್ತಿ. 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ ಅಂತ ಇನ್‌ಕಂ ಟ್ಯಾಕ್ಸನ್ನು ಮುಂಗಡವಾಗಿ ಬೇರೆ ಹಿಡೀತಾರೆ. ಅದು ರಿಟರ್ನ್ ಹಾಕುವಾಗ ನಮಗೇ ಸಲ್ಲುತ್ತೆ, ಆದರೂ ಅವತ್ತು ಕೈಯಿಂದ ಹೋಗೋದು ಹೋಗುತ್ತೆ. ನಮ್ಮ ಮೈದುನನಿಗೆ ಈ ಲೆಕ್ಕ ಬರೆದು ತೋರಿಸಿದ ಮೇಲೆ ಸನ್‌ರೂಫ್ ಆಸೆ ಬಿಟ್ಟ.

ನನಗೆ 10 ಲಕ್ಷದ ತಂಟೆ ಇರಲಿಲ್ಲ. ನಾನು ನೋಡುತ್ತಿದ್ದದ್ದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಅದರಲ್ಲಿ ಕೆಳಗಿನಿಂದ ಎರಡನೇ ವೇರಿಯಂಟ್. ಎಲ್ಲಕ್ಕಿಂತ ಕೆಳಗಿನದರಲ್ಲೂ ಬ್ರೇಕು, ಏರ್‌ಬ್ಯಾಗು ಎಲ್ಲ ಅವೇ. ಆದರೆ ಹಿಂದಿನ ಗಾಜಿಗೆ ವೈಪರ್, ಗಾಜಿನ ಮೇಲೆ ಕೂತ ಮಂಜು ಹೋಗಿಸುವ ಡಿಫಾಗರ್ ಇರಲಿಲ್ಲ. ಜುಲೈ ತಿಂಗಳಲ್ಲಿ ಆಲೂರು ಕಡೆ ಓಡಾಡಿದವರಿಗೆ ಅದು ಯಾಕೆ ಬೇಕು ಅಂತ ಗೊತ್ತು. ಅದಕ್ಕಿಂತ ಮೇಲಿನ ವೇರಿಯಂಟಲ್ಲಿ ಅಲಾಯ್ ಚಕ್ರ, ದೊಡ್ಡ ಸ್ಕ್ರೀನ್, ಬಟನ್ ಸ್ಟಾರ್ಟ್. ಬೇಡ ಅಂದೆ. ಸೇಲ್ಸ್ ಹುಡುಗ ಬಿಡಲಿಲ್ಲ. "ಇಎಂಐ ತಿಂಗಳಿಗೆ ಸಾವಿರದ ಚಿಲ್ರೆ ಜಾಸ್ತಿ ಅಷ್ಟೇ ಮೇಡಂ" ಅಂದ. ಮೊದಲ ಸಲ ಹೋದಾಗ ಇದೇ ಹುಡುಗ "ಸರ್ ಬಂದಿಲ್ವಾ ಮೇಡಂ?" ಅಂತ ಕೇಳಿದ್ದ. ಸರ್‌ಗೆ ಕಾರು ಓಡಿಸೋಕೇ ಬರಲ್ಲಪ್ಪ ಅಂದಿದ್ದೆ.

ಇನ್ನೊಂದು ದೊಡ್ಡ ಸಾಲು ಇನ್ಶೂರೆನ್ಸ್. ನಾನು ಅತಿ ಹೆಚ್ಚು ಹೊತ್ತು ಕೂತದ್ದು ಇದರ ಮೇಲೆ. ಚೀಟಿಯಲ್ಲಿ 41 ಸಾವಿರ ಅಂತ ಬರೆದಿದ್ದರು, ಒಂದೇ ಅಂಕಿ, ವಿವರ ಇಲ್ಲ. ಬಿಡಿಸಿ ಕೊಡಿ ಅಂದೆ. 1000ದಿಂದ 1500 ಸಿಸಿ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 10,640 ರೂಪಾಯಿ, ಇದು ಸರ್ಕಾರ ನಿಗದಿ ಮಾಡಿದ್ದು, ಎಲ್ಲಿ ತಗೊಂಡರೂ ಅಷ್ಟೇ. ವ್ಯತ್ಯಾಸ ಇರೋದು ನಮ್ಮ ಗಾಡಿಯ ಡ್ಯಾಮೇಜ್‌ಗೆ ಕಟ್ಟುವ ಭಾಗದಲ್ಲಿ, ಜೊತೆಗೆ ಝೀರೋ ಡೆಪ್ (ಬಿಡಿಭಾಗ ಹಳೇದಾಯ್ತು ಅಂತ ಕ್ಲೇಮ್ ದುಡ್ಡು ಕಡಿಯದೆ ಕೊಡೋದು), ಎಂಜಿನ್ ಪ್ರೊಟೆಕ್ಟ್, ಕೀ ಕಳೆದರೆ ಕವರ್ ಅಂತ ಸೇರಿಸುವ ಆಡ್‌ಆನ್‌ಗಳಲ್ಲಿ. ಝೀರೋ ಡೆಪ್ ಇಟ್ಟುಕೊಂಡೆ. ಕೀ ಕವರ್ ಕಿತ್ತು ಹಾಕಿಸಿದೆ, ಕೀ ಕಳೆಯುವ ಜಾಯಮಾನ ನಮ್ಮದಲ್ಲ.

ಜಾಸ್ತಿ ಜನ ಬಿಟ್ಟುಬಿಡೋದು ನೋ ಕ್ಲೇಮ್ ಬೋನಸ್. ಐದು ವರ್ಷ ಸತತವಾಗಿ ಕ್ಲೇಮ್ ಮಾಡದೆ ಇದ್ದರೆ ಶೇ 50 ಸಿಗುತ್ತಲ್ಲ, ಅದು ಕಾರಿನದ್ದಲ್ಲ, ಮಾಲೀಕರದ್ದು. ಹಳೇ ಕಾರು ಮಾರಿ ಹೊಸದು ತಗೊಂಡರೆ ಅದಕ್ಕೆ ವರ್ಗಾಯಿಸಬಹುದು. ಆಲ್ಟೋ ಮಾರಿ, ಆರ್‌ಸಿ ಕೊಂಡವರ ಹೆಸರಿಗೆ ಹೋದ ಮೇಲೆ ಹಳೇ ಇನ್ಶೂರೆನ್ಸ್ ಕಂಪನಿಗೆ ಆ ಕಾಗದ ಕೊಟ್ಟು ಬೋನಸ್ ಉಳಿಸಿಕೊಂಡ ಪತ್ರ ಇಸ್ಕೊಂಡೆ. ಹೊಸ ಕಾರಿನ ಡ್ಯಾಮೇಜ್ ಭಾಗದ ಪ್ರೀಮಿಯಂ ಸೀದಾ ಅರ್ಧ ಆಯ್ತು. ಹೊರಗೆ ಸಿಕ್ಕ ಕೊಟೇಶನ್ 26 ಸಾವಿರ. ಹೋಲಿಸುವಾಗ ಎರಡರಲ್ಲೂ ಐಡಿವಿ, ಅಂದ್ರೆ ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ, ಒಂದೇ ಇದೆಯಾ ನೋಡಬೇಕು. ಐಡಿವಿ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸೋದು ಹಳೇ ಆಟ.

"ಹೊರಗೆ ತಗೊಂಡ್ರೆ ಕ್ಯಾಶ್‌ಲೆಸ್ ಸಿಗಲ್ಲ ಮೇಡಂ" ಅಂದ್ರು ಶೋರೂಂನವರು, ಅಂದ್ರೆ ರಿಪೇರಿ ದುಡ್ಡು ಮೊದಲು ನಾವೇ ಕಟ್ಟಬೇಕು ಅಂತ. ಕ್ಯಾಶ್‌ಲೆಸ್ ಸಿಗೋದು ಇನ್ಶೂರೆನ್ಸ್ ಕಂಪನಿಗೂ ವರ್ಕ್‌ಶಾಪಿಗೂ ಒಪ್ಪಂದ ಇದೆಯಾ ಅನ್ನೋದರ ಮೇಲೆ, ಪಾಲಿಸಿ ಎಲ್ಲಿ ಕೊಂಡಿರಿ ಅನ್ನೋದರ ಮೇಲಲ್ಲ. ಆ 26 ಸಾವಿರ ಹೇಳಿದ ಕಂಪನಿಯ ಪಟ್ಟಿ ಮೊಬೈಲಲ್ಲಿ ತೆಗೆದೆ, ಅವರ ವರ್ಕ್‌ಶಾಪಿನ ಹೆಸರೇ ಇತ್ತು. ಹಾಗಾದ್ರೆ ಡಿಸ್ಕೌಂಟ್ ಕೊಡೋಕಾಗಲ್ಲ ಅಂದರು. ಇನ್ಶೂರೆನ್ಸ್ ನಮ್ಮಲ್ಲೇ ತಗೊಳ್ಳಬೇಕು ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ ಅಂದೆ. ಅಂಥದ್ದನ್ನು ಯಾರೂ ಬರೆದುಕೊಡಲ್ಲ, ಬರೆಯೋ ಹಾಗೂ ಇಲ್ಲ. ಮ್ಯಾನೇಜರ್ ಬಂದರು, ಕಾಫಿ ತರಿಸಿದರು, ಕೊನೆಗೆ ಅವರೇ 27 ಸಾವಿರಕ್ಕೆ ಇಳಿದರು. ಸಾವಿರ ರೂಪಾಯಿಗೆ ಜಗಳ ಯಾಕೆ ಅಂತ ಅಲ್ಲೇ ಮಾಡಿಸಿದೆ.

ಹ್ಯಾಂಡ್ಲಿಂಗ್ ಚಾರ್ಜಸ್ ಅಂತ ಒಂದು ಸಾಲಿತ್ತು. ಯಾವುದಕ್ಕೆ, ರಸೀದಿ ಕೊಡ್ತೀರಾ ಅಂತ ಕೇಳಿದ್ದಷ್ಟೇ, ಅವರೇ ಹೊಡೆದು ಹಾಕಿದರು. ಆಕ್ಸೆಸರಿ ಪ್ಯಾಕೇಜ್ ಪೂರ್ತಿ ಬೇಡ ಅಂದೆ. ಮ್ಯಾಟು, ಸೀಟ್ ಕವರು, ಮಡ್ ಫ್ಲ್ಯಾಪ್ ಎಲ್ಲ ಹೊರಗೆ ಅರ್ಧ ದುಡ್ಡಿಗೆ ಬಂತು. ವೈರಿಂಗ್ ಮುಟ್ಟುವ ಯಾವ ಕೆಲಸವನ್ನೂ ಹೊರಗೆ ಮಾಡಿಸಲಿಲ್ಲ, ವೈರ್ ಕತ್ತರಿಸಿದರೆ ವಾರಂಟಿ ತಕರಾರು ಶುರು ಆಗುತ್ತೆ. ಎಕ್ಸ್‌ಟೆಂಡೆಡ್ ವಾರಂಟಿ ಮಾತ್ರ ತಗೊಂಡೆ. ಹತ್ತು ವರ್ಷ ಓಡಿಸುವ ಲೆಕ್ಕ ನಮ್ಮದು.

ಅದೇ ಕಾರಣಕ್ಕೆ ಡಿಸೆಂಬರ್. ವರ್ಷ ಬದಲಾದರೆ ಮಾರುವಾಗ ಒಂದು ವರ್ಷ ಹಳೇದು ಅನ್ನಿಸುತ್ತೆ ಅಂತ ಜನ ಜನವರಿಗೆ ಕಾಯ್ತಾರೆ, ಶೋರೂಂನವರಿಗೆ ಸ್ಟಾಕ್ ಖಾಲಿ ಮಾಡುವ ಅವಸರ. ಮೂರು ವರ್ಷಕ್ಕೆ ಮಾರುವವರಿಗೆ ಆ ಕಾಯುವಿಕೆ ಸರಿ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಡಿಸ್ಕೌಂಟೇ ಲಾಭ. ಬಿಲ್ ಮಾಡಿಸುವ ಮುಂಚೆ ಯಾರ್ಡಿಗೆ ಹೋಗಿ ನನಗೆ ಕೊಡುವ ಗಾಡಿಯ ಟೈರ್ ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3225 ಅಂತಿತ್ತು. ಆಗಸ್ಟ್‌ನ ಟೈರು, ಅಂದ್ರೆ ಬಹಳ ಹಿಂದಿನ ಗಾಡಿಯೇನಲ್ಲ.

ತೊಂದರೆ ಬಂದದ್ದು ಮನೆಯಲ್ಲಿ. ಡಿಸೆಂಬರ್ ಮಧ್ಯದಿಂದ ಧನುರ್ಮಾಸ. "ಶೂನ್ಯಮಾಸದಲ್ಲಿ ಯಾರಾದ್ರೂ ಗಾಡಿ ತರ್ತಾರೇನಮ್ಮ?" ಅಂದರು ಅತ್ತೆ. ಆ ಲೋಕಾಭಿಪ್ರಾಯದಿಂದಲೇ ಡಿಸ್ಕೌಂಟ್ ಇನ್ನಷ್ಟು ಏರಿದ್ದು ಅನ್ನೋದನ್ನು ಅವರಿಗೆ ಹೇಗೆ ಹೇಳಲಿ? ಆಷಾಢದಲ್ಲೂ ಇದೇ ಕಥೆ, ಬೋರ್ಡ್ ಹಾಕಿ ಆಷಾಢ ಆಫರ್ ಕೊಡ್ತಾರೆ. ಕೊನೆಗೆ ರಾಜಿ ಆಯ್ತು. ಬಿಲ್ಲು, ರಿಜಿಸ್ಟ್ರೇಷನ್ ಎಲ್ಲ ಡಿಸೆಂಬರಲ್ಲೇ, ಗಾಡಿ ಮನೆಗೆ ಬಂದು ನಿಂಬೆಹಣ್ಣು ಹತ್ತಿಸಿದ್ದು ಸಂಕ್ರಾಂತಿಗೆ. ಅಲ್ಲಿವರೆಗೆ ಶೋರೂಂ ಯಾರ್ಡಲ್ಲೇ ನಿಂತಿತ್ತು, ಬಾಡಿಗೆ ಕೇಳಲಿಲ್ಲ ಪುಣ್ಯಾತ್ಮರು.

ಆಲ್ಟೋಗೆ ಎಕ್ಸ್‌ಚೇಂಜಲ್ಲಿ 1.10 ಲಕ್ಷ, ಮೇಲೆ ಹದಿನೈದು ಸಾವಿರ ಬೋನಸ್ ಅಂದರು. ಅರಕಲಗೂಡಿನ ಒಬ್ಬರು 1.50 ಕೊಟ್ಟರು. ಗಾಡಿ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ, ಆರ್‌ಸಿ ವರ್ಗ ಆಗುವ ತನಕ ಬೆನ್ನು ಹತ್ತಬೇಕು. ಇಲ್ಲದಿದ್ರೆ ಅವರ ದಂಡದ ನೋಟಿಸ್ ನಮ್ಮ ಮನೆಗೆ ಬರುತ್ತೆ.

ಉಳಿದದ್ದು ಸಾಲ. ಶೋರೂಂ ಟೇಬಲ್‌ನಲ್ಲಿ ಕೂತ ಹುಡುಗ "ಬರೀ 5 ಪರ್ಸೆಂಟ್ ಮೇಡಂ" ಅಂದ. ಪೂರ್ತಿ ಸಾಲದ ಮೇಲೆ ಕೊನೆತನಕ ಬಡ್ಡಿ ಹಾಕುವ ಫ್ಲ್ಯಾಟಾ, ಬಾಕಿ ಉಳಿದದ್ದಕ್ಕೆ ಮಾತ್ರ ಹಾಕುವ ರೆಡ್ಯೂಸಿಂಗಾ ಅಂತ ಕೇಳಿದೆ. ಫ್ಲ್ಯಾಟ್. ಐದು ವರ್ಷಕ್ಕೆ ಫ್ಲ್ಯಾಟ್ 5 ಅಂದ್ರೆ ರೆಡ್ಯೂಸಿಂಗ್ ಲೆಕ್ಕದಲ್ಲಿ 9ಕ್ಕಿಂತ ಜಾಸ್ತಿ, ದಿನಾ ಬಡ್ಡಿ ಲೆಕ್ಕ ಹಾಕುವವಳ ಹತ್ತಿರ ಇದನ್ನು ಹೇಳಬಾರದಿತ್ತು. ಏಳು ವರ್ಷದ ಸಾಲವೂ ಬೇಡ ಅಂದೆ. 7 ಲಕ್ಷಕ್ಕೆ ಶೇ 9ರಂತೆ ಐದು ವರ್ಷಕ್ಕೆ ಇಎಂಐ ಸುಮಾರು 14,530, ಏಳು ವರ್ಷಕ್ಕೆ 11,260. ತಿಂಗಳಿಗೆ ಮೂರು ಸಾವಿರ ಹಗುರ ಅನ್ನಿಸುತ್ತೆ, ಒಟ್ಟು ಬಡ್ಡಿ ಮಾತ್ರ 74 ಸಾವಿರ ಜಾಸ್ತಿ. ನಾನು ಆಲ್ಟೋದ ದುಡ್ಡು, ಚೀಟಿ ಎತ್ತಿದ ದುಡ್ಡು ಸೇರಿಸಿ ಅರ್ಧಕ್ಕಿಂತ ಹೆಚ್ಚು ಕೈಯಿಂದ ಕಟ್ಟಿ, ಮಿಕ್ಕಿದ್ದಕ್ಕೆ ನಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ನಾಲ್ಕು ವರ್ಷದ ಫ್ಲೋಟಿಂಗ್ (ಬಡ್ಡಿ ದರ ಆಗಾಗ ಬದಲಾಗುವ) ಸಾಲ ತಗೊಂಡೆ. ಫ್ಲೋಟಿಂಗ್ ಆದರೆ ಮುಂಚೆ ತೀರಿಸಿದ್ದಕ್ಕೆ ನಮ್ಮಂಥ ವ್ಯಕ್ತಿಗಳಿಂದ ದಂಡ ಹಿಡಿಯುವಂತಿಲ್ಲ, ಫಿಕ್ಸೆಡ್ ಆದರೆ ಹಿಡಿಯಬಹುದು. ಸಾಲ ತೀರಿದ ದಿನ ಬ್ಯಾಂಕಿನಿಂದ ಎನ್‌ಒಸಿ (ಬಾಕಿ ಇಲ್ಲ, ತಕರಾರಿಲ್ಲ ಅನ್ನೋ ಪತ್ರ) ಮತ್ತು ಫಾರಂ 35 ಇಸ್ಕೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿರುವ ಬ್ಯಾಂಕಿನ ಹೆಸರು ತೆಗೆಸಬೇಕು. ಆ ಎನ್‌ಒಸಿಗೂ ಅವಧಿ ಇರುತ್ತೆ, ಬೀರುವಿನಲ್ಲಿ ಇಟ್ಟುಬಿಟ್ಟರೆ ಗಾಡಿ ಮಾರುವ ದಿನ ಮತ್ತೆ ಬ್ಯಾಂಕಿಗೆ ಅಲೆಯಬೇಕಾಗುತ್ತೆ.