ಹೆಣಿಗೆ ಮುಗಿಯಿತು, ಜೋತಾಡುವ ಎಳೆಗಳನ್ನು ಏನು ಮಾಡುವುದು?

ಸ್ವೆಟರ್ ಹೆಣೆದಾಯಿತು, ಕೊನೆಯ ಸಾಲನ್ನೂ ಮುಚ್ಚಿದ್ದಾಯಿತು. ಒಳಮೈ ತಿರುಗಿಸಿದರೆ ಅಲ್ಲಲ್ಲಿ ಉಲ್ಲನ್ ಎಳೆಗಳು ಜೋತಾಡುತ್ತಿರುತ್ತವೆ. ಬೇಗ ಮುಗಿಸುವ ಆಸೆಗೆ ಗಂಟು ಹಾಕಿ ಕತ್ತರಿಸಬೇಡಿ. ಗಂಟು ಮೈಗೆ ಒತ್ತುತ್ತದೆ, ಎಳೆದಾಗ ಹೊರಮೈಗೆ ಇಣುಕುತ್ತದೆ, ಒಂದಲ್ಲ ಒಂದು ದಿನ ಬಿಚ್ಚಿಕೊಳ್ಳಲೂಬಹುದು.

ಬೇಕಾಗಿರುವುದು ದೊಡ್ಡ ಕಣ್ಣಿನ, ಮೊಂಡು ತುದಿಯ ಸೂಜಿ. ಎಳೆ ಕಡಿಮೆ ಎಂದರೂ 6 ಇಂಚು ಇರಲಿ. ಹೊಸ ಉಂಡೆ ಸೇರಿಸುವಾಗಲೇ ಇದನ್ನು ನೆನಪಿಡಬೇಕು. ಗಿಡ್ಡ ಎಳೆಯ ಜೊತೆ ಗುದ್ದಾಡುವುದು ತುಂಬಾ ಕಷ್ಟ.

ಮೊದಲು ಉಂಡೆ ಬದಲಿಸಿದ ಜಾಗ ನೋಡಿ. ಅಲ್ಲಿ ಪುಟ್ಟ ತೂತು ಕಾಣುತ್ತದೆ. ಎರಡೂ ಎಳೆಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ, ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಒಯ್ಯಿರಿ. ತೂತು ತಾನಾಗಿ ಮುಚ್ಚುತ್ತದೆ.

ಈಗ ಮುಖ್ಯ ಕೆಲಸ. ಒಳಮೈಯನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಸಾಲಾಗಿ ಸಣ್ಣ ಉಬ್ಬುಗಳಿವೆ, ಒಂದು ಮೇಲಕ್ಕೆ ಬಾಗಿದ್ದರೆ ಪಕ್ಕದ್ದು ಕೆಳಕ್ಕೆ. ನೂಲು ಓಡಿರುವ ದಾರಿಯೇ ಅದು. ಎಳೆ ಪೋಣಿಸಿದ ಸೂಜಿಯನ್ನು ಅದೇ ದಾರಿಯಲ್ಲಿ, ಅದೇ ತಿರುವುಗಳಲ್ಲಿ ಮೇಲೆ ಕೆಳಗೆ ನಡೆಸಿ. ಸುಮಾರು 2 ಇಂಚು ಹೋದರೆ ಸಾಕು. ಸುಮ್ನೆ ನೇರವಾಗಿ ತೂರಿಸಿದ ಎಳೆ ಬಟ್ಟೆಯ ಜೊತೆ ಹಿಗ್ಗುವುದಿಲ್ಲ, ಅಲ್ಲಿ ಸುಕ್ಕು ಬೀಳುತ್ತದೆ. ಕುಣಿಕೆಗಳ ಜೊತೆ ಬಾಗಿದ ಎಳೆ ಅವುಗಳ ಜೊತೆಗೇ ಹಿಗ್ಗುತ್ತದೆ. ಬಿಗಿಯಾಗಿ ಎಳೆಯಬೇಡಿ. ನಾಲ್ಕೈದು ಕುಣಿಕೆಗೊಮ್ಮೆ ಬಟ್ಟೆಯನ್ನು ಹಿಗ್ಗಿಸಿ ಬಿಡಿ, ಹೊರಮೈಯನ್ನೂ ನೋಡಿಕೊಳ್ಳಿ.

ಅಂಚಿನಲ್ಲಿ ಉದ್ದುದ್ದ ಗೀರುಗಳಿರುವ ಪಟ್ಟಿ, ಅಂದರೆ ರಿಬ್‌ನಲ್ಲಿ ಅಡ್ಡಡ್ಡ ಹೋಗಬಾರದು. ಒಂದೇ ಗೀರು ಹಿಡಿದು ಉದ್ದಕ್ಕೆ ಹೋಗಿ. ಎರಡು ತುಂಡು ಜೋಡಿಸಿದ ಹೊಲಿಗೆ ಹತ್ತಿರವಿದ್ದರೆ ಇನ್ನೂ ಸುಲಭ, ಅದರೊಳಗೇ ಅಡಗಿಸಿ. ಬಣ್ಣದ ಪಟ್ಟೆಗಳಿದ್ದರೆ ಆಯಾ ಬಣ್ಣದ ಎಳೆ ಆಯಾ ಬಣ್ಣದೊಳಗೇ ಇರಲಿ.

ನೂಲಿನ ಗುಣವನ್ನೂ ನೋಡಬೇಕು, ಅಲ್ವಾ? ಕುರಿಯ ಉಣ್ಣೆ ಒರಟು, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹತ್ತಿ, ರೇಷ್ಮೆ, ನುಣುಪಾದ ಅಕ್ರಿಲಿಕ್ ಜಾರುತ್ತವೆ. ಅವುಗಳಿಗೆ ಹೋದ ದಾರಿಯಲ್ಲೇ ಒಂದು ಇಂಚು ವಾಪಸ್ ಬನ್ನಿ. ವಾಪಸ್ ಬರುವಾಗ ಮಾತ್ರ ಚೂಪು ಸೂಜಿ ಹಿಡಿದು, ಮೊದಲು ತೂರಿಸಿದ ಎಳೆಯ ಪುರಿಯನ್ನೇ (ಒಟ್ಟಿಗೆ ಹೊಸೆದ ಸಣ್ಣ ಎಳೆಗಳ ನಡುವೆ) ಸೀಳಿಕೊಂಡು ಹೋಗಿ. ಈ ಹಿಡಿತ ಜಾಸ್ತಿ ಗಟ್ಟಿ. ನೂಲು ತೀರಾ ದಪ್ಪ ಎನಿಸಿದರೆ ಪುರಿ ಬಿಚ್ಚಿ ಎರಡು ಪಾಲು ಮಾಡಿ, ಬೇರೆ ಬೇರೆ ಕಡೆಗೆ ಅಡಗಿಸಿ.

ಕತ್ತರಿ ಕೈಗೆ ಬರುವುದು ಕೊನೆಗೆ. ಮೊದಲು ಸ್ವೆಟರನ್ನು ಒಗೆದು, ಆಕಾರಕ್ಕೆ ಹರಡಿ ಒಣಗಿಸಿ. ನೆನೆದಾಗ ಹೆಣಿಗೆ ಸಡಿಲವಾಗಿ ಎಳೆಗಳು ಸ್ವಲ್ಪ ಒಳಕ್ಕೆ ಸರಿಯುತ್ತವೆ. ಒಣಗಿದ ಮೇಲೆ ಅರ್ಧ ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಆಗ ಎಳೆಯನ್ನು ಬಟ್ಟೆಯಿಂದ ದೂರಕ್ಕೆ ಎತ್ತಿ ಹಿಡಿಯಿರಿ. ಪಕ್ಕದ ಕುಣಿಕೆ ಕತ್ತರಿಗೆ ಸಿಕ್ಕಿದರೆ ಹೆಣಿಗೆಯೇ ಬಿಚ್ಚತೊಡಗುತ್ತದೆ.